ಮೂಡ್ ಚೆನ್ನಾಗಿದ್ರೆ ತಲೆನೂ ಚೆನ್ನಾಗಿ ಓಡತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡು, ಯೋಚನೆ, ಕೆಲಸ, ಈ ಮೂರರ ಸಂಬಂಧದ ಬಗ್ಗೆ ಜನ ಮತ್ತೆ ಮತ್ತೆ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, "ಯಾವಾಗ್ಲೂ ಖುಷಿಯಾಗಿರಿ, ಎಲ್ಲಾ ತಾನಾಗೇ ಸರಿಹೋಗತ್ತೆ" ಅನ್ನೋ ಥರದ ಉತ್ತರ ಇಲ್ಲಿ ಸಿಗಲ್ಲ, ಯಾಕಂದ್ರೆ ಒಳ್ಳೆ ಮೂಡ್ ಎಲ್ಲಾ ಕೆಲಸಕ್ಕೂ ಒಳ್ಳೇದಲ್ಲ. ಯಾವ ಮೂಡಲ್ಲಿ ಯಾವ ಥರದ ಯೋಚನೆ ಸಲೀಸಾಗಿ ಬರತ್ತೆ ಅಂತ ಗೊತ್ತಾದ್ರೆ ದಿನದ ಕೆಲಸಾನ ಅದಕ್ಕೆ ತಕ್ಕಂಗೆ ಜೋಡಿಸ್ಕೋಬಹುದು. ಈ ಇಡೀ ವಿಷಯದಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬರೋದು ಅದೇ ಅಂತ ನನ್ನ ನಂಬಿಕೆ.

ಪ್ರಶ್ನೆ: ಮೂಡ್ ಚೆನ್ನಾಗಿದ್ರೆ ತಲೆ ಚೆನ್ನಾಗಿ ಓಡತ್ತೆ ಅನ್ನೋದಕ್ಕೆ ಪುರಾವೆ ಏನಾದ್ರೂ ಇದ್ಯಾ, ಇಲ್ಲ ಸುಮ್ನೆ ಹೇಳೋ ಮಾತಾ?

ಪುರಾವೆ ಇದೆ, ಅದರಲ್ಲಿ ಹೆಸರಾದ ಒಂದು ಮೇಣದಬತ್ತಿಯದ್ದು. ಕಾರ್ಲ್ ಡಂಕರ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಒಬ್ರು ಇದ್ರು, ಅವರು ಕೊಡ್ತಿದ್ದ ಸಮಸ್ಯೆ ಹೀಗಿದೆ. ನಿಮ್ಮ ಮುಂದೆ ಒಂದು ಮೇಣದಬತ್ತಿ, ಒಂದಷ್ಟು ಬೆಂಕಿಕಡ್ಡಿ, ಒಂದು ಡಬ್ಬಿ ತುಂಬಾ ಗೋಡೆಗೆ ಚುಚ್ಚೋ ಪಿನ್ನು ಇಟ್ಟಿರ್ತಾರೆ. ಮೇಣ ಕೆಳಗೆ ತೊಟ್ಟಿಕ್ಕದ ಹಾಗೆ ಆ ಬತ್ತೀನ ಗೋಡೆಗೆ ನಿಲ್ಲಿಸಿ ಹಚ್ಚಬೇಕು. ಜನ ಏನ್ ಮಾಡ್ತಾರೆ ಅಂದ್ರೆ ಬತ್ತಿಗೇ ಪಿನ್ ಚುಚ್ಚೋಕೆ ಹೋಗ್ತಾರೆ, ಇಲ್ಲಾ ಮೇಣ ಕರಗಿಸಿ ಗೋಡೆಗೆ ಅಂಟಿಸೋಕೆ ನೋಡ್ತಾರೆ, ಎರಡೂ ನಿಲ್ಲಲ್ಲ. ಉತ್ತರ ಕಣ್ಣೆದುರೇ ಇರತ್ತೆ, ಡಬ್ಬೀಲಿರೋ ಪಿನ್ನೆಲ್ಲಾ ಸುರಿದು ಖಾಲಿ ಡಬ್ಬೀನೇ ಗೋಡೆಗೆ ಚುಚ್ಚಿ ಅದರಲ್ಲಿ ಬತ್ತಿ ನಿಲ್ಲಿಸೋದು. ಆದ್ರೆ ಡಬ್ಬಿ ಅಂದ್ರೆ ಪಿನ್ ಇಡೋಕೆ ಇರೋದು ಅಂತ ತಲೇಲಿ ಕೂತ್ಬಿಟ್ಟಿರತ್ತಲ್ಲ, ಹಂಗಾಗಿ ಅದು ಕಾಣಲ್ಲ.

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಆಲಿಸ್ ಐಸೆನ್ ಮತ್ತೆ ಅವರ ಜೊತೆಯವರು ಇದೇ ಸಮಸ್ಯೇನ ಕೊಡೋಕೆ ಮುಂಚೆ ಒಂದು ಗುಂಪಿಗೆ ಕೆಲವೇ ನಿಮಿಷದ ನಗು ಬರಿಸೋ ಫಿಲ್ಮ್ ತೋರಿಸಿದ್ರು, ಇನ್ನೊಂದು ಗುಂಪಿಗೆ ಗಣಿತದ ಬಗ್ಗೆ ಒಂದು ಸಪ್ಪೆ ಫಿಲ್ಮ್ ತೋರಿಸಿದ್ರು. ನಕ್ಕವರಲ್ಲಿ ಸುಮಾರು 75% ಜನ ಬಿಡಿಸಿದ್ರು, ಸಪ್ಪೆ ಫಿಲ್ಮ್ ನೋಡಿದವರಲ್ಲಿ 20% ಅಷ್ಟೇ. ಗುಂಪುಗಳು ಚಿಕ್ಕವು, ಹಾಗಾಗಿ ಆ ಪರ್ಸೆಂಟೇಜನ್ನೇ ಹಿಡ್ಕೊಂಡು ಕೂರೋದು ಬೇಡ, ಆದ್ರೂ ನನಗೆ ಈ ಪ್ರಯೋಗ ತುಂಬಾ ಇಷ್ಟ. ಯಾಕಂದ್ರೆ ಫಿಲ್ಮ್ ನೋಡಿ ಯಾರ ಬುದ್ಧಿನೂ ಜಾಸ್ತಿ ಆಗ್ಲಿಲ್ಲ, ಹೊಸ ಮಾಹಿತಿ ಏನೂ ಸಿಗ್ಲಿಲ್ಲ, ಇದ್ದ ಡಬ್ಬೀನೇ ಬೇರೆ ಥರ ನೋಡೋಕೆ ಸಾಧ್ಯ ಆಯ್ತು ಅಷ್ಟೇ.

ಪ್ರಶ್ನೆ: ಆ ಹೊತ್ತಲ್ಲಿ ತಲೆ ಒಳಗೆ ಏನಾಗತ್ತೆ?

ಬಾರ್ಬರಾ ಫ್ರೆಡ್ರಿಕ್ಸನ್ ಅಂತ ಸಂಶೋಧಕಿ 1998ರಿಂದ ಬರ್ಕೊಂಡು ಬಂದಿರೋ ವಾದ ಇದಕ್ಕೆ ಚೆನ್ನಾಗಿ ಹೊಂದತ್ತೆ. ಭಯ, ಸಿಟ್ಟು ಬಂದಾಗ ಮನಸ್ಸು ಒಂದೇ ಕಡೆಗೆ ಕಿರಿದಾಗತ್ತೆ, ಓಡು ಇಲ್ಲಾ ಹೊಡಿ, ಅಷ್ಟೇ. ಖುಷಿ, ಕುತೂಹಲ ಇದ್ದಾಗ ಅವಸರದ ಅಪಾಯ ಏನೂ ಇಲ್ಲ ಅಂತ ಅರ್ಥ ಆಗಿ ಗಮನ ಅಗಲ ಆಗತ್ತೆ, ಸುತ್ತಮುತ್ತ ಇರೋದೆಲ್ಲಾ ಕಣ್ಣಿಗೆ ಬೀಳತ್ತೆ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣೋ ಎರಡು ವಿಷಯ ಪಕ್ಕಪಕ್ಕ ಬಂದು ನಿಲ್ಲತ್ತೆ. ಹೊಸ ಐಡಿಯಾ ಅಂದ್ರೆ ಬಹಳ ಸಲ ಅಷ್ಟೇ ತಾನೆ. ಇದರಲ್ಲಿ ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕದ ಪಾತ್ರ ಇರಬಹುದು ಅಂತ 1999ರಲ್ಲಿ ಆಶ್ಬಿ, ಐಸೆನ್, ಟರ್ಕನ್ ಮೂವರೂ ಸೇರಿ ಒಂದು ಸಿದ್ಧಾಂತ ಮುಂದಿಟ್ರು. ಅದು ಸಿದ್ಧಾಂತ, ಹಾಗಾಗಿ "ಡೋಪಮೈನ್ ಹೆಚ್ಚಿಸ್ಕೊಳ್ಳಿ, ಜಾಣರಾಗಿ" ಅಂತ ಯಾರಾದ್ರೂ ಏನಾದ್ರೂ ಮಾರೋಕೆ ಬಂದ್ರೆ ದೂರ ಇರಿ.

ಪ್ರಶ್ನೆ: ಪಝಲ್ ಬಿಡಿಸೋದು ಬೇರೆ, ನಿಜವಾದ ಜವಾಬ್ದಾರಿ ಕೆಲಸ ಬೇರೆ ಅಲ್ವಾ? ಖುಷೀಲಿದ್ರೆ ಜನ ಅಸಡ್ಡೆ ಮಾಡಲ್ವಾ?

ಇದು ತುಂಬಾ ನ್ಯಾಯವಾದ ಅನುಮಾನ. ಇದಕ್ಕೆ ಹತ್ತಿರದ ಉತ್ತರ ಕೊಡೋದು 1997ರ ಒಂದು ಅಧ್ಯಯನ, ಅದರಲ್ಲಿ ಭಾಗವಹಿಸಿದ್ದು 44 ಜನ ಡಾಕ್ಟರುಗಳು. ಕೆಲವರಿಗೆ ಶುರು ಮಾಡೋ ಮುಂಚೆ ಒಂದು ಪುಟ್ಟ ಮಿಠಾಯಿ ಪೊಟ್ಟಣ ಗಿಫ್ಟ್ ಕೊಟ್ರು, ಕೆಲವರಿಗೆ ಇಲ್ಲ. ಆಮೇಲೆ ಲಿವರ್ ತೊಂದರೆ ಇರೋ ಒಬ್ಬ ರೋಗಿಯ ಕೇಸ್ ಕೊಟ್ಟು, ಯೋಚನೆ ಮಾಡ್ತಾ ಮಾಡ್ತಾ ಮನಸ್ಸಲ್ಲಿ ಬಂದಿದ್ದನ್ನೆಲ್ಲಾ ಬಾಯಿಬಿಟ್ಟು ಹೇಳಿ ಅಂದ್ರು. ಗಿಫ್ಟ್ ಸಿಕ್ಕಿದ ಡಾಕ್ಟರುಗಳು ಲಕ್ಷಣಗಳನ್ನ ಬೇಗ ಒಂದಕ್ಕೊಂದು ಜೋಡಿಸಿ ಲಿವರ್ ಕಡೆ ಗಮನ ಹರಿಸಿದ್ರು. ಅದಕ್ಕಿಂತ ಮುಖ್ಯ ಏನಂದ್ರೆ ಮೊದಲು ಹೊಳೆದಿದ್ದಕ್ಕೇ ಅಂಟ್ಕೊಂಡು ಕೂರೋದು ಅವರಲ್ಲಿ ಕಮ್ಮಿ ಇತ್ತು, ಹೊಸ ಮಾಹಿತಿ ಬಂದಾಗ ಅಭಿಪ್ರಾಯ ಬದಲಾಯಿಸ್ಕೊಂಡ್ರು, ಆತುರದ ತೀರ್ಮಾನನೂ ಮಾಡ್ಲಿಲ್ಲ.

ಇಲ್ಲಿ ಖುಷಿ ಅಂದ್ರೆ ಕುಣಿದಾಡೋ ಖುಷಿ ಅಲ್ಲ ಅನ್ನೋದು ಗಮನಿಸಿ. ಯಾರೋ ನಮ್ಮನ್ನ ನೆನೆಸ್ಕೊಂಡು ಒಂದು ಸಣ್ಣ ವಸ್ತು ಕೊಟ್ರಲ್ಲ ಅಂತ ಮನಸ್ಸಿಗೆ ಹಿತ ಆಗೋ ಅಷ್ಟು, ಅಷ್ಟಕ್ಕೇ ಇಷ್ಟು ವ್ಯತ್ಯಾಸ.

ಪ್ರಶ್ನೆ: ಐಡಿಯಾ ಸರಿ, ಕೆಲಸದ ಪ್ರಮಾಣನೂ ಜಾಸ್ತಿ ಆಗತ್ತಾ?

ಆಗತ್ತೆ, ಮತ್ತೆ ಅದನ್ನ ಅಳೆದು ನೋಡಿದಾರೆ. ಇಂಗ್ಲೆಂಡಿನ ವಾರ್ವಿಕ್ ಯೂನಿವರ್ಸಿಟಿಯ ಆಂಡ್ರ್ಯೂ ಆಸ್ವಾಲ್ಡ್, ಯುಜೀನಿಯೊ ಪ್ರೋಟೊ, ಡೇನಿಯಲ್ ಸ್ಗ್ರೋಯಿ ಅನ್ನೋ ಅರ್ಥಶಾಸ್ತ್ರಜ್ಞರು ಸುಮಾರು 700 ಜನರ ಮೇಲೆ ಮಾಡಿದ ಪ್ರಯೋಗಗಳು 2015ರಲ್ಲಿ ಪ್ರಕಟ ಆದ್ವು. ಕೆಲಸ ಏನಪ್ಪಾ ಅಂದ್ರೆ ಎರಡಂಕಿಯ ಐದು ಸಂಖ್ಯೆಗಳನ್ನ ಕೂಡೋದು, 10 ನಿಮಿಷದಲ್ಲಿ ಎಷ್ಟಾಗತ್ತೋ ಅಷ್ಟು, ಸರಿ ಉತ್ತರಕ್ಕೆ ತಕ್ಕಂಗೆ ದುಡ್ಡು. ಮೊದಲು ಕಾಮಿಡಿ ಕ್ಲಿಪ್ ನೋಡಿ ನಿಜವಾಗ್ಲೂ ಮೂಡ್ ಒಳ್ಳೇದಾದವರು ಸುಮಾರು 12% ಜಾಸ್ತಿ ಕೆಲಸ ಮಾಡಿದ್ರು. ತಪ್ಪೇನೂ ಹೆಚ್ಚಾಗ್ಲಿಲ್ಲ, ಅದೇ ಸರಿಯಾಗಿರೋ ಕೆಲಸಾನೇ ಹೆಚ್ಚು ಮಾಡಿದ್ರು. ಇದರ ಇನ್ನೊಂದು ಮುಖನೂ ಅವರೇ ನೋಡಿದಾರೆ, ಇತ್ತೀಚೆಗೆ ಮನೇಲಿ ಸಾವು ಅಥವಾ ದೊಡ್ಡ ಕಾಯಿಲೆ ಕಂಡವರ ಖುಷಿನೂ ಕಮ್ಮಿ ಇತ್ತು, ಮಾಡಿದ ಲೆಕ್ಕನೂ ಕಮ್ಮಿ ಇತ್ತು. ದುಃಖದಲ್ಲಿರೋ ಸಹೋದ್ಯೋಗಿಗೆ "ಬೇಗ ಬೇಗ ಮುಗ್ಸಿ" ಅನ್ನೋ ಮುಂಚೆ ಇದೊಂದು ನೆನಪಿರ್ಲಿ.

ಲ್ಯಾಬ್ ಹೊರಗಡೆ ನೋಡ್ಬೇಕು ಅಂದ್ರೆ ಬ್ರಿಟಿಷ್ ಟೆಲಿಕಾಮ್ ಕಂಪನಿಯ ಕಾಲ್ ಸೆಂಟರುಗಳಲ್ಲಿ ಬೆಲ್ಲೆ, ಡಿ ನೆವ್, ವಾರ್ಡ್ ಅನ್ನೋರು ಮಾಡಿದ ಅಧ್ಯಯನ ಇದೆ. ಸುಮಾರು 1,800 ಕೆಲಸಗಾರರನ್ನ ಆರು ತಿಂಗಳು ಪ್ರತಿ ವಾರ "ಈ ವಾರ ಎಷ್ಟು ಖುಷಿಯಾಗಿದ್ರಿ" ಅಂತ ಕೇಳಿ, ಅವರ ಮಾರಾಟದ ಲೆಕ್ಕದ ಜೊತೆ ಹೋಲಿಸಿದ್ರು. ಖುಷಿಯಾಗಿದ್ದ ವಾರದಲ್ಲಿ ಮಾರಾಟ ಸುಮಾರು 13% ಜಾಸ್ತಿ. ಅವರು ಹೆಚ್ಚು ಗಂಟೆ ಕೆಲಸ ಮಾಡಿರ್ಲಿಲ್ಲ, ಅದೇ ಗಂಟೇಲಿ ಹೆಚ್ಚು ಕಾಲ್ ಮುಗಿಸ್ತಿದ್ರು, ಮಾತಾಡಿದವರಲ್ಲಿ ಹೆಚ್ಚು ಜನ ಒಪ್ಕೋತಿದ್ರು. ಮಾರಾಟ ಚೆನ್ನಾಗಿದ್ದಕ್ಕೇ ಖುಷಿಯಾಗಿರಬಹುದಲ್ಲ ಅಂತ ನೀವು ಕೇಳ್ಬಹುದು, ಅದಕ್ಕೇ ಅವರು ಕಿಟಕಿಯಿಂದ ಕಾಣೋ ಹವಾಮಾನಾನ ಬಳಸ್ಕೊಂಡ್ರು. ಮಳೆ ಮೋಡ ಯಾರ ಮಾರಾಟ ನೋಡ್ಕೊಂಡೂ ಬರಲ್ಲ, ಆದ್ರೆ ಮೂಡ್ ಮೇಲೆ ಪರಿಣಾಮ ಮಾಡತ್ತೆ, ಹಾಗಾಗಿ ಯಾವುದರಿಂದ ಯಾವುದು ಅನ್ನೋದನ್ನ ಬಿಡಿಸಿ ನೋಡೋಕೆ ದಾರಿ ಸಿಕ್ತು.

ಪ್ರಶ್ನೆ: ಆದ್ರೂ ಕೆಲಸ ಚೆನ್ನಾಗಿ ಆದಾಗ ತಾನೇ ಮೂಡ್ ಚೆನ್ನಾಗಿರೋದು?

ಹೌದು, ಅದೂ ನಿಜ, ಎರಡೂ ದಿಕ್ಕಲ್ಲಿ ನಡಿಯತ್ತೆ. ಹಾರ್ವರ್ಡಿನ ತೆರೇಸಾ ಅಮಬೀಲೆ ಮತ್ತೆ ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ಜನರಿಂದ ದಿನಾ ಸಂಜೆ ಡೈರಿ ಥರ ಬರೆಸಿದ್ರು, ಒಟ್ಟು ಸುಮಾರು 12,000 ದಿನಗಳ ಬರಹ ಸೇರ್ತು. ಅದನ್ನ ಓದಿ ಅವರು ಕಂಡ್ಕೊಂಡಿದ್ದು ಇದು, ಒಳ್ಳೆ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣ್ತಿದ್ದ ವಿಷಯ ಸಂಬಳ ಅಲ್ಲ, ಹೊಗಳಿಕೆ ಅಲ್ಲ, ತಮಗೆ ಅರ್ಥ ಇದೆ ಅನ್ಸೋ ಕೆಲಸದಲ್ಲಿ ಒಂಚೂರು ಮುಂದೆ ಹೋಗಿದ್ದು. ಒಂಚೂರು ಸಾಕು. ಸಿಗದೇ ಇದ್ದ ಒಂದು ಬಗ್ ಸಿಕ್ತು, ವರದಿಯ ಕಷ್ಟದ ಒಂದು ಪುಟ ಮುಗೀತು, ಅಷ್ಟಾದ್ರೂ ಆಗತ್ತೆ. ಹಿಂದಕ್ಕೆ ಬಿದ್ದ ದಿನದ ಹೊಡೆತ ಮಾತ್ರ ಮುಂದಕ್ಕೆ ಹೋದ ದಿನದ ಖುಷಿಗಿಂತ ಜೋರಾಗಿರತ್ತೆ ಅನ್ನೋದೂ ಅದರಲ್ಲಿ ಕಂಡಿತ್ತು.

ಅದೇ ಡೈರಿಗಳಿಂದ ಇನ್ನೊಂದು ವಿಷಯ 2005ರಲ್ಲಿ ಹೊರಗೆ ಬಂತು, ಅದು ನನಗೆ ಬಹಳ ಆಸಕ್ತಿ ಹುಟ್ಟಿಸಿದ್ದು. ಒಂದು ದಿನ ಮೂಡ್ ಚೆನ್ನಾಗಿದ್ರೆ ಅವತ್ತು ಮಾತ್ರ ಅಲ್ಲ, ಮುಂದಿನ ಎರಡು ದಿನದವರೆಗೂ ಹೊಸ ಐಡಿಯಾ ಬರೋ ಸಾಧ್ಯತೆ ಹೆಚ್ಚಿತ್ತು. ಅಂದ್ರೆ ಇವತ್ತಿನ ಹಗುರ ಮನಸ್ಸು ಒಳಗೆಲ್ಲೋ ಕೆಲಸ ಮಾಡ್ತಾ ಇರತ್ತೆ, ಫಲ ನಾಡಿದ್ದು ಕಾಣಬಹುದು.

ಪ್ರಶ್ನೆ: ಹಾಗಾದ್ರೆ ಬೇಜಾರಲ್ಲಿದ್ದಾಗ ಏನೂ ಮಾಡಬಾರ್ದಾ?

ಖಂಡಿತ ಹಾಗಲ್ಲ! ಇದನ್ನ ಬೇಕಾದಷ್ಟು ಜನ ತಪ್ಪು ತಿಳ್ಕೊಂಡಿದಾರೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಆಸ್ಟ್ರೇಲಿಯಾದ ಜೋಸೆಫ್ ಫೋರ್ಗಾಸ್ ತಮ್ಮ ಸಂಶೋಧನೇಲಿ ಬಹಳ ವರ್ಷ ನೋಡಿದ್ದೇ ಇದನ್ನ, ಸ್ವಲ್ಪ ಮಂಕಾದ ಮೂಡ್ ಯಾವುದಕ್ಕೆ ಒಳ್ಳೇದು ಅಂತ. 2009ರ ಒಂದು ಅಧ್ಯಯನದಲ್ಲಿ ಅಂಗಡಿಯೊಂದರಿಂದ ಹೊರಗೆ ಬರೋ ಗಿರಾಕಿಗಳನ್ನ ನಿಲ್ಲಿಸಿ ಕೌಂಟರ್ ಮೇಲೆ ಇಟ್ಟಿದ್ದ ಸಣ್ಣಪುಟ್ಟ ಸಾಮಾನು ಏನೇನು ನೆನಪಿದೆ ಅಂತ ಕೇಳಿದ್ರು. ಮೋಡ ಮುಸುಕಿದ ಮಳೆ ದಿನ, ಮೂಡ್ ಡಲ್ ಇದ್ದಾಗ, ಜನಕ್ಕೆ ಹೆಚ್ಚು ನೆನಪಿತ್ತು, ಬಿಸಿಲಿನ ಖುಷಿ ದಿನ ಕಮ್ಮಿ ನೆನಪಿತ್ತು. ಯಾರು ಸುಳ್ಳು ಹೇಳ್ತಿದಾರೆ ಅಂತ ಪತ್ತೆ ಹಚ್ಚೋದ್ರಲ್ಲೂ ಮಂಕು ಮೂಡಲ್ಲಿದ್ದವರು ಮೇಲು ಅಂತ ಅವರ ಇನ್ನೊಂದು ಕೆಲಸ ತೋರ್ಸಿದೆ.

ಖುಷಿಯ ಇನ್ನೊಂದು ಅಪಾಯದ ಬಗ್ಗೆ ಅಷ್ಟಾಗಿ ಯಾರೂ ಮಾತಾಡಲ್ಲ. 1994ರಲ್ಲಿ ಗೇಲನ್ ಬೋಡೆನ್‌ಹೌಸೆನ್ ಮತ್ತೆ ಜೊತೆಯವರು ತೋರ್ಸಿದ್ದು, ಖುಷಿಯಲ್ಲಿರೋರು ಬೇರೆಯವರ ಬಗ್ಗೆ ತೀರ್ಪು ಕೊಡುವಾಗ ಅವರು ಯಾವ ಗುಂಪಿನವರು ಅನ್ನೋದನ್ನೇ ನೋಡಿ ತಪ್ಪಿತಸ್ಥರು ಅಂದ್ಬಿಡೋದು ಜಾಸ್ತಿ. ಎಲ್ಲಾ ಚೆನ್ನಾಗಿದೆ ಅನ್ನೋ ಭಾವನೇಲಿ ಮನಸ್ಸು ಸುಲಭದ ದಾರಿ ಹಿಡಿಯತ್ತೆ. ಆದ್ರೆ ನಿಮ್ಮ ತೀರ್ಪಿಗೆ ನೀವೇ ಕಾರಣ ಕೊಡಬೇಕಾಗತ್ತೆ ಅಂತ ಮೊದಲೇ ಹೇಳಿದ್ರೆ ಆ ತಪ್ಪು ಹೋಗತ್ತೆ ಅನ್ನೋದೂ ಅಲ್ಲೇ ಕಂಡಿದೆ. ಇಂಟರ್ವ್ಯೂ ತಗೊಳ್ಳೋರು, ಪೇಪರ್ ತಿದ್ದೋರು, ಇದನ್ನ ದಯವಿಟ್ಟು ಮನಸ್ಸಿನಲ್ಲಿಟ್ಕೊಳ್ಳಿ, ಒಳ್ಳೆ ಮೂಡಲ್ಲಿ ಕೂತು ಜನರನ್ನ ಅಳೆಯೋವಾಗ ಪ್ರತಿ ನಿರ್ಧಾರಕ್ಕೂ ಒಂದು ಸಾಲು ಕಾರಣ ಬರೀರಿ.

ಪ್ರಶ್ನೆ: ಖುಷೀಲಿದ್ದಾಗ ಫೋಕಸ್ ಮಾಡೋಕೇ ಆಗಲ್ಲ, ಮನಸ್ಸು ಎಲ್ಲೆಲ್ಲೋ ಹೋಗತ್ತೆ, ನನಗೆ ಮಾತ್ರ ಹೀಗಾ?

ನಿಮಗೆ ಮಾತ್ರ ಅಲ್ಲ. 2007ರಲ್ಲಿ ರೋ, ಹರ್ಷ್, ಆಂಡರ್ಸನ್ ಮಾಡಿದ ಪ್ರಯೋಗದಲ್ಲಿ ಒಳ್ಳೆ ಮೂಡಲ್ಲಿದ್ದವರು ದೂರ ದೂರದ ಪದಗಳ ನಡುವೆ ಸಂಬಂಧ ಹುಡುಕೋದ್ರಲ್ಲಿ ಮುಂದಿದ್ರು, ಆದ್ರೆ ಅಕ್ಕಪಕ್ಕದ ಬೇಡದ ಚಿಹ್ನೆಗಳನ್ನ ಬಿಟ್ಟು ನಡುವಿನ ಒಂದನ್ನೇ ನೋಡಿ ಅಂದಾಗ ಅವರೇ ಹಿಂದೆ ಬಿದ್ರು. ಗಮನ ಅಗಲ ಆದ್ರೆ ಬೇಕಾದ್ದೂ ಒಳಗೆ ಬರತ್ತೆ, ಬೇಡದ್ದೂ ಬರತ್ತೆ. ಅದೇ ಗುಣ, ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ. ಹಾಗಾಗಿ ಉಲ್ಲಾಸದ ಹೊತ್ತಲ್ಲಿ ಒಂದೇ ಕಡೆ ಗಮನ ಇಡೋ ಕೆಲಸ ಮಾಡಲೇಬೇಕು ಅಂದ್ರೆ ಫೋನ್ ಬೇರೆ ರೂಮಲ್ಲಿ ಇಡಿ, ನೋಟಿಫಿಕೇಶನ್ ಬಂದ್ ಮಾಡಿ, ಯಾಕಂದ್ರೆ ಆ ಹೊತ್ತಲ್ಲಿ ಅವು ಎಂದಿಗಿಂತ ಜಾಸ್ತಿ ಸೆಳೀತವೆ.

ಪ್ರಶ್ನೆ: ಸರಿ, ಹಾಗಾದ್ರೆ ಯಾವ ಮೂಡಲ್ಲಿ ಯಾವ ಕೆಲಸ ಇಟ್ಕೊಳ್ಳೋದು?

ಮನಸ್ಸು ಹಗುರ ಇದ್ದಾಗ ಹೊಸದಾಗಿ ಏನಾದ್ರೂ ಶುರು ಮಾಡೋದು, ಪ್ಲಾನ್ ಹಾಕೋದು, ಸಿಕ್ಕಿಹಾಕ್ಕೊಂಡಿರೋ ಸಮಸ್ಯೇನ ಬೇರೆ ಕಡೆಯಿಂದ ನೋಡೋದು, ಕಷ್ಟದ ಮಾತುಕತೆ, ಹೊಸಬರ ಜೊತೆ ಮಾತು, ಇವನ್ನೆಲ್ಲಾ ಇಟ್ಕೊಳ್ಳಿ. ಮಂಕಾಗಿದ್ದಾಗ ತಪ್ಪು ಹುಡುಕೋ ಕೆಲಸ ಇಟ್ಕೊಳ್ಳಿ. ಬರೆದಿದ್ದನ್ನ ತಿದ್ದೋದು, ಲೆಕ್ಕ ತಾಳೆ ನೋಡೋದು, ಒಪ್ಪಂದದ ಕಾಗದ ಓದೋದು, ನಿನ್ನೆ ಉತ್ಸಾಹದಲ್ಲಿ ಹಾಕಿದ ಪ್ಲಾನಲ್ಲಿ ಎಲ್ಲಿ ತೂತಿದೆ ಅಂತ ನೋಡೋದು. ಮಂಕು ಅಂದಿದ್ದು ಸ್ವಲ್ಪ ಡಲ್ ಇರೋದಕ್ಕೆ, ಎದೆ ಒಡೆದು ಹೋಗೋ ದುಃಖಕ್ಕಲ್ಲ, ಅಂಥ ದಿನ ಯಾವ ಕೆಲಸಾನೂ ಸರಿ ಹೋಗಲ್ಲ, ಅವತ್ತು ವಿಶ್ರಾಂತಿ ಬೇಕು.

ದಿನ ಇಡೀ ನಮ್ಮ ಕೈಲಿ ಇರಲ್ಲ ಅನ್ನೋದು ಗೊತ್ತು, ಬಾಸ್ ಹೇಳಿದ್ ಟೈಮಿಗೆ ಕೆಲಸ ಆಗ್ಲೇಬೇಕು. ಆದ್ರೂ ಬಹಳಷ್ಟು ಜನಕ್ಕೆ ದಿನದಲ್ಲಿ ಒಂದೆರಡು ಗಂಟೆ ಯಾವುದನ್ನ ಮೊದಲು ಮಾಡೋದು ಅನ್ನೋ ಆಯ್ಕೆ ಇರತ್ತೆ, ಆ ಎರಡು ಗಂಟೇಲಿ ಇದನ್ನ ಮಾಡಿ ನೋಡಿ.

ಪ್ರಶ್ನೆ: ಶಾಂತವಾಗಿರೋದೂ ಒಳ್ಳೆ ಮೂಡೇ ತಾನೆ? ಅದೂ ಐಡಿಯಾ ತರತ್ತಾ?

ಒಳ್ಳೆ ಮೂಡೇ, ಆದ್ರೆ ಪರಿಣಾಮ ಬೇರೆ. 2008ರಲ್ಲಿ ಬಾಸ್, ಡಿ ಡ್ರೂ, ನೈಸ್ಟಾಡ್ 25 ವರ್ಷದ ಅಧ್ಯಯನಗಳನ್ನೆಲ್ಲಾ ಒಟ್ಟು ಹಾಕಿ ನೋಡಿದಾಗ ಸೃಜನಶೀಲತೆಗೆ ಸಹಾಯ ಮಾಡಿದ್ದು ಚುರುಕು ಇರೋ ಖುಷಿ, ಅಂದ್ರೆ ಉಲ್ಲಾಸ, ಉತ್ಸಾಹ. ನೆಮ್ಮದಿ, ನಿರಾಳ ಅನ್ನೋ ಥರದ್ದು ಅಷ್ಟಾಗಿ ಮಾಡ್ಲಿಲ್ಲ. ಮತ್ತೆ ಒಟ್ಟಾರೆ ಪರಿಣಾಮ ಸಣ್ಣದೇ ಅಂತನೂ ಅವರು ಕಂಡ್ರು, ಅದನ್ನ ಮುಚ್ಚಿಡೋಕೆ ನನಗೆ ಇಷ್ಟ ಇಲ್ಲ. ಮೂಡ್ ಒಂದೇ ನಿಮ್ಮನ್ನ ಪ್ರತಿಭಾವಂತರನ್ನಾಗಿ ಮಾಡಲ್ಲ, ವಿಷಯ ಗೊತ್ತಿರ್ಬೇಕು, ಅಭ್ಯಾಸ ಇರ್ಬೇಕು. ಇನ್ನು ನೆಮ್ಮದಿ ಸುಸ್ತಾದ ಮನಸ್ಸಿಗೆ ಬೇಕೇ ಬೇಕು, ಅದನ್ನ ಐಡಿಯಾ ಲೆಕ್ಕದಲ್ಲಿ ಅಳೀಬೇಡಿ.

ಪ್ರಶ್ನೆ: ನನಗೆ ಟೆನ್ಷನ್ ಇದ್ರೇನೇ ಕೆಲಸ ಆಗೋದು. ಇದು ತಪ್ಪಾ?

ತಪ್ಪಲ್ಲ, ಆದ್ರೆ ಯಾವ ಕೆಲಸ ಅನ್ನೋದು ನೋಡ್ಬೇಕು. 1908ರಲ್ಲೇ ಯರ್ಕ್ಸ್ ಮತ್ತೆ ಡಾಡ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸುಲಭದ ಕೆಲಸಾನ ಕಲಿಯೋಕೆ ಒತ್ತಡ ಜಾಸ್ತಿ ಇದ್ರೂ ನಡೀತು, ಕಷ್ಟದ್ದಕ್ಕೆ ಒತ್ತಡ ಒಂದು ಮಟ್ಟ ದಾಟಿದ ಮೇಲೆ ಕಲಿಕೆ ಹಾಳಾಯ್ತು. ಮನುಷ್ಯರ ಅನುಭವನೂ ಇದಕ್ಕೆ ಹತ್ತಿರಾನೇ ಇದೆ, ಡೆಡ್‌ಲೈನ್ ಹತ್ರ ಬಂದಾಗ ಗೊತ್ತಿರೋ ಕೆಲಸ ಸರಸರ ಆಗತ್ತೆ, ಗೊತ್ತಿಲ್ಲದ್ದನ್ನ ಯೋಚನೆ ಮಾಡೋಕೆ ಹೋದ್ರೆ ತಲೆ ಬ್ಲಾಂಕ್.

ಪ್ರಶ್ನೆ: ಮೂಡೇ ಇಲ್ಲ. ಬರೋವರೆಗೂ ಕಾಯ್ಲಾ?

ಬೇಡ. ಮೂಡ್ ಬಂದ್ಮೇಲೆ ಕೆಲಸ ಅಂತ ಕೂತ್ರೆ ಎರಡೂ ಬರಲ್ಲ. ಖಿನ್ನತೆಗೆ ಕೊಡೋ ಒಂದು ಚಿಕಿತ್ಸೆ ಪೂರ್ತಿ ಇದರ ಮೇಲೇ ನಿಂತಿದೆ, 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಅನ್ನೋರು ಇದಕ್ಕೆ ತಳಪಾಯ ಹಾಕಿದ್ರು. ಮನಸ್ಸು ಸರಿಹೋದ್ಮೇಲೆ ಮಾಡ್ತೀನಿ ಅನ್ನೋ ಬದ್ಲು ಚಿಕ್ಕದೇನಾದ್ರೂ ಮೊದಲು ಮಾಡೋದು, ಮನಸ್ಸು ಹಿಂದೆ ಬರತ್ತೆ. ಅಮಬೀಲೆಯವರ ಡೈರಿಯಲ್ಲಿ ಕಂಡಿದ್ದೂ ಅದೇ ಅಲ್ವಾ, ಸ್ವಲ್ಪ ಮುಂದೆ ಹೋದ್ರೆ ಮೂಡ್ ಬರತ್ತೆ. ಹಾಗಾಗಿ ಹತ್ತು ನಿಮಿಷದಲ್ಲಿ ಮುಗಿಯೋ, ಮುಗೀತು ಅಂತ ಕಣ್ಣಿಗೆ ಕಾಣೋ ಒಂದು ತುಂಡು ಆರಿಸ್ಕೊಳ್ಳಿ. "ಪ್ರಾಜೆಕ್ಟ್ ಮಾಡ್ತೀನಿ" ಅಂತ ಅಲ್ಲ, "ಮೊದಲ ಪ್ಯಾರಾದ ಮೂರು ಸಾಲು ಬರೀತೀನಿ" ಅಂತ. ಮುಗಿಸಿದ್ಮೇಲೆ ಅದನ್ನ ಎಲ್ಲಾದ್ರೂ ಗುರುತು ಹಾಕಿ, ಇಲ್ಲಾಂದ್ರೆ ಸಂಜೆ ಹೊತ್ತಿಗೆ ಏನೂ ಮಾಡಿಲ್ಲ ಅನ್ಸೋಕೆ ಶುರು ಆಗತ್ತೆ.

ಪ್ರಶ್ನೆ: ಬೇಗ ಮೂಡ್ ಸರಿ ಮಾಡ್ಕೊಳ್ಳೋಕೆ ಏನ್ ಮಾಡ್ಬಹುದು?

ಎಲ್ಲಕ್ಕಿಂತ ಮೊದಲು ನಿದ್ದೆ, ಇದನ್ನ ಬಿಟ್ಟು ಬೇರೇನು ಮಾಡಿದ್ರೂ ಅರ್ಧಂಬರ್ಧ. 2007ರ ಒಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ಎಚ್ಚರ ಇದ್ದವರಿಗೆ ಬೇಸರ ತರೋ ಚಿತ್ರ ತೋರಿಸಿದಾಗ ಮೆದುಳಲ್ಲಿ ಭಾವನೆಗೆ ಸಂಬಂಧಪಟ್ಟ ಅಮಿಗ್ಡಲಾ ಅನ್ನೋ ಭಾಗ ನಿದ್ದೆ ಮಾಡಿದವರಿಗಿಂತ 60% ಹೆಚ್ಚು ಕೆರಳ್ತು. ನಿದ್ದೆಗೆಟ್ಟ ದಿನ ಸಣ್ಣ ಮಾತಿಗೂ ಉರಿಯೋದು ನಿಮ್ಮ ಸ್ವಭಾವದ ದೋಷ ಅಲ್ಲ.

ಆಮೇಲೆ ನಡಿಗೆ. ಸ್ಟ್ಯಾನ್‌ಫರ್ಡಿನ ಮೇರಿಲಿ ಒಪೆಝೊ ಮತ್ತೆ ಡೇನಿಯಲ್ ಶ್ವಾರ್ಟ್ಜ್ 2014ರಲ್ಲಿ ತೋರಿಸಿದಂಗೆ ಕೂತಿದ್ದಕ್ಕಿಂತ ನಡೆಯೋವಾಗ ಐಡಿಯಾ ಹುಟ್ಟೋದು ಸರಾಸರಿ 60% ಹೆಚ್ಚು. ಹೊರಗೇ ಹೋಗ್ಬೇಕು ಅಂತಿಲ್ಲ, ಖಾಲಿ ಗೋಡೆ ನೋಡ್ಕೊಂಡು ಟ್ರೆಡ್‌ಮಿಲ್ ಮೇಲೆ ನಡೆದ್ರೂ ಆಯ್ತು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಪರಿಣಾಮ ಇತ್ತು. ಒಂದೇ ಸರಿ ಉತ್ತರ ಇರೋ ಪ್ರಶ್ನೆಗೆ ಮಾತ್ರ ನಡಿಗೆ ಸಹಾಯ ಮಾಡ್ಲಿಲ್ಲ, ಅದಕ್ಕೆ ಕೂತೇ ಯೋಚಿಸಿ.

ಹಾಡು ಕೇಳೋದು ಒಳ್ಳೇದು, ನಿಮಗೆ ಇಷ್ಟ ಆಗೋದು, ಸ್ವಲ್ಪ ಚುರುಕಾಗಿರೋದು. ಮೊಜಾರ್ಟ್ ಅನ್ನೋ ಹಳೇ ಕಾಲದ ಪಾಶ್ಚಾತ್ಯ ಸಂಗೀತಗಾರನ ಸಂಗೀತ ಕೇಳಿದ್ರೆ ಬುದ್ಧಿ ಜಾಸ್ತಿ ಆಗತ್ತೆ ಅಂತ 1993ರ ನಂತರ ದೊಡ್ಡ ಸುದ್ದಿ ಆಗಿತ್ತು. 2001ರಲ್ಲಿ ಟೊರಾಂಟೊ ಕಡೆಯ ಸಂಶೋಧಕರು ಬಿಡಿಸಿ ನೋಡಿದಾಗ ಅದು ಮೊಜಾರ್ಟ್ ಮಹಿಮೆ ಅಲ್ಲ, ಮೂಡ್ ಮತ್ತೆ ಚುರುಕುತನ ಏರಿದ್ದರ ಪರಿಣಾಮ ಅಂತ ಗೊತ್ತಾಯ್ತು.

ವಾರಕ್ಕೊಂದ್ಸಲ ಒಳ್ಳೇದಾಗಿದ್ದನ್ನ ನೆನೆಸ್ಕೊಂಡು ಬರೆಯೋದೂ ಕೆಲಸ ಮಾಡತ್ತೆ, ಎಮನ್ಸ್ ಮತ್ತೆ ಮೆಕಲಾ 2003ರಲ್ಲಿ ಮಾಡಿದ ಅಧ್ಯಯನದಲ್ಲಿ ಹಾಗೆ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಕಾಮಿಡಿ ಕ್ಲಿಪ್ ಕೂಡ ಆಗತ್ತೆ, ಮೇಲೆ ಹೇಳಿದ ಪ್ರಯೋಗಗಳಲ್ಲಿ ಬಳಸಿದ್ದೇ ಅದು, ಆದ್ರೆ ಅಲ್ಲಿ ಒಂದು ಕ್ಲಿಪ್ ಮುಗೀತು, ಕೆಲಸ ಶುರುವಾಯ್ತು. ಒಂದಾದ್ಮೇಲೆ ಒಂದು ಬರ್ತಾನೇ ಇರೋ ರೀಲ್ಸ್ ಬೇರೆ ವಿಷಯ.

ಪ್ರಶ್ನೆ: ಸುಳ್ಳು ಸುಳ್ಳೇ ನಕ್ರೆ ಮೂಡ್ ಬರತ್ತಾ?

ಒಂಚೂರು ಬರತ್ತೆ. ಹಲ್ಲಲ್ಲಿ ಪೆನ್ ಕಚ್ಕೊಂಡ್ರೆ ಮುಖ ನಗೋ ಹಾಗಾಗಿ ಖುಷಿ ಆಗತ್ತೆ ಅಂತ 1988ರ ಪ್ರಯೋಗ ಒಂದಿತ್ತು, 2016ರಲ್ಲಿ 17 ಲ್ಯಾಬುಗಳು ಮತ್ತೆ ಮಾಡಿದಾಗ ಅದು ನಿಲ್ಲಲಿಲ್ಲ. 2022ರಲ್ಲಿ 19 ದೇಶಗಳ ಸುಮಾರು 3,900 ಜನರ ಮೇಲೆ ಮಾಡಿದಾಗ ಬೇಕಂತ್ಲೇ ಮುಖದಲ್ಲಿ ನಗು ತಂದ್ಕೊಂಡ್ರೆ ಸಣ್ಣ ವ್ಯತ್ಯಾಸ ಕಂಡಿತು. ಅಷ್ಟೇ. ದಿನವಿಡೀ ಕೆಲಸದ ಜಾಗದಲ್ಲಿ ಬಲವಂತಕ್ಕೆ ನಗೋದು ಬೇರೆ, ಅದರಿಂದ ಆಗೋದು ಸುಸ್ತು.

ಪ್ರಶ್ನೆ: "ನಾನು ಗ್ರೇಟ್, ನನ್ನ ಕೈಲಿ ಆಗತ್ತೆ" ಅಂತ ಕನ್ನಡಿ ಮುಂದೆ ಹೇಳ್ಕೊಳ್ಳೋದು?

ಮೊದಲೇ ಆತ್ಮವಿಶ್ವಾಸ ಇರೋರಿಗೆ ಅಡ್ಡಿ ಇಲ್ಲ. ಆದ್ರೆ 2009ರಲ್ಲಿ ಜೋಆನ್ ವುಡ್ ಮತ್ತೆ ಜೊತೆಯವರು ನೋಡಿದಾಗ, ಯಾರಿಗೆ ತಮ್ಮ ಬಗ್ಗೆ ತಮಗೇ ಕೀಳರಿಮೆ ಇತ್ತೋ ಅವರಿಗೆ ಇಂಥ ಮಾತು ಹೇಳ್ಕೊಂಡ ಮೇಲೆ ಇನ್ನೂ ಕೆಟ್ಟದಾಗಿ ಅನ್ನಿಸ್ತು. ನನಗೆ ಇದು ನಿಜಕ್ಕೂ ಸಂಕಟ ತರೋ ವಿಷಯ, ಯಾಕಂದ್ರೆ ಈ ಸಲಹೆ ಹೆಚ್ಚಾಗಿ ಸಿಗೋದೇ ಅಂಥವರಿಗೆ. ಬದಲಿಗೆ ನಿಜವಾಗ್ಲೂ ಆಗಿರೋ ಸಣ್ಣ ವಿಷಯ ಹೇಳ್ಕೊಳ್ಳಿ, "ಹೋದ ವಾರ ಇಂಥದೇ ಒಂದು ಕೆಲಸ ಮುಗಿಸಿದ್ದೆ" ಅನ್ನೋ ಥರ, ಅದನ್ನ ಮನಸ್ಸು ತಳ್ಳಿಹಾಕಲ್ಲ.

ಗೆದ್ದ ಹಾಗೆ ಹಗಲುಗನಸು ಕಾಣೋದರ ಬಗ್ಗೆ ಗೇಬ್ರಿಯೆಲ್ ಓಟಿಂಗೆನ್ ಬಹಳ ಕೆಲಸ ಮಾಡಿದಾರೆ. ಬರೀ ಸಿಹಿ ಕನಸು ಕಂಡ್ರೆ ಮೈಯ ಹುರುಪು ಇಳಿಯತ್ತೆ, ಈಗಾಗ್ಲೇ ಸಿಕ್ಕಿದೆ ಅನ್ನೋ ಹಾಗೆ. ಅವರು ಹೇಳೋ ದಾರಿ, ಆಸೇನ ಕಲ್ಪಿಸ್ಕೊಂಡ ತಕ್ಷಣ ಅದಕ್ಕೆ ಅಡ್ಡ ಬರೋದು ಏನು ಅಂತನೂ ಕಲ್ಪಿಸ್ಕೊಂಡು, ಅದು ಎದುರಾದ್ರೆ ಏನ್ ಮಾಡ್ತೀನಿ ಅಂತ ಮೊದಲೇ ತೀರ್ಮಾನಿಸೋದು.

ಪ್ರಶ್ನೆ: ಬೇಜಾರನ್ನ ಒಳಗೇ ನುಂಗ್ಕೊಂಡು ಕೆಲಸ ಮಾಡಿದ್ರೆ?

ನುಂಗೋದಕ್ಕೂ ತಲೆಯ ಶಕ್ತಿ ಖರ್ಚಾಗತ್ತೆ. ಭಾವನೆ ಮುಖದಲ್ಲಿ ಕಾಣದ ಹಾಗೆ ತಡ್ಕೊಂಡವರಿಗೆ ಆ ಹೊತ್ತಲ್ಲಿ ಕೇಳಿದ ವಿಷಯ ಕಮ್ಮಿ ನೆನಪಿರತ್ತೆ ಅಂತ 2000ದಲ್ಲಿ ರಿಚರ್ಡ್ಸ್ ಮತ್ತೆ ಗ್ರಾಸ್ ತೋರಿಸಿದ್ರು. ಬೈಸ್ಕೊಂಡ ಮೀಟಿಂಗಲ್ಲಿ ಏನು ನಿರ್ಧಾರ ಆಯ್ತು ಅಂತ ನೆನಪೇ ಇರಲ್ಲ ನೋಡಿ, ಅದಕ್ಕೆ ಇದೂ ಒಂದು ಕಾರಣ ಇರಬಹುದು. "ನನಗೀಗ ಅವಮಾನ ಆಗಿದೆ", "ನನಗೀಗ ಭಯ ಆಗ್ತಿದೆ" ಅಂತ ಭಾವನೆಗೆ ಹೆಸರಿಟ್ಟು ಹೇಳಿದ್ರೆ ಅಥವಾ ಬರೆದ್ರೆ ಅದರ ಬಿಸಿ ಇಳಿಯತ್ತೆ, ಮೆದುಳಿನ ಸ್ಕ್ಯಾನಲ್ಲೂ ಇದು ಕಂಡಿದೆ, 2007ರಲ್ಲಿ ಮ್ಯಾಥ್ಯೂ ಲೀಬರ್ಮನ್ ತಂಡ ಮಾಡಿದ್ದು.

ಪ್ರಶ್ನೆ: ಒಂದು ಕೆಟ್ಟ ಭಾವನೆಗೆ ಮೂರು ಒಳ್ಳೆ ಭಾವನೆ ಬೇಕು ಅಂತಾರಲ್ಲ?

ಆ ಲೆಕ್ಕ ಬಿಟ್ಬಿಡಿ. 2005ರಲ್ಲಿ ಫ್ರೆಡ್ರಿಕ್ಸನ್ ಮತ್ತೆ ಲೊಸಾಡಾ 2.9013 ಅಂತ ಒಂದು ಸಂಖ್ಯೆ ಕೊಟ್ಟಿದ್ರು, 2013ರಲ್ಲಿ ಬ್ರೌನ್, ಸೋಕಲ್, ಫ್ರೀಡ್ಮನ್ ಅದರ ಹಿಂದಿನ ಗಣಿತಾನೇ ತಪ್ಪು ಅಂತ ತೋರಿಸಿದ ಮೇಲೆ ಆ ಗಣಿತದ ಭಾಗಾನ ವಾಪಸ್ ತಗೊಂಡ್ರು. ಈಗಲೂ ಟ್ರೈನಿಂಗ್‌ಗಳಲ್ಲಿ ಅದನ್ನ ಹೇಳ್ತಾರೆ. ಮತ್ತೆ ಖುಷಿಯನ್ನ ಎಣಿಸ್ತಾ ಕೂರೋದೇ ಒಳ್ಳೇದಲ್ಲ, ಖುಷಿಯಾಗಿರಲೇಬೇಕು ಅಂತ ಬಹಳ ಹಂಬಲಿಸೋರಿಗೆ ಖುಷಿಯ ಹೊತ್ತಲ್ಲೂ ನಿರಾಸೆ ಆಗತ್ತೆ ಅಂತ ಐರಿಸ್ ಮಾಸ್ ಅವರ 2011ರ ಕೆಲಸದಲ್ಲಿದೆ.

ಪ್ರಶ್ನೆ: ನಾನೊಬ್ಬ ಟೀಮ್ ಲೀಡ್. ನನ್ನ ಮೂಡಿಂದ ಬೇರೆಯವರಿಗೆ ಏನಾದ್ರೂ ಆಗತ್ತಾ?

ತುಂಬಾನೇ ಆಗತ್ತೆ. ಸಿಗಲ್ ಬಾರ್ಸೇಡ್ 2002ರಲ್ಲಿ ಮಾಡಿದ ಪ್ರಯೋಗದಲ್ಲಿ ಗುಂಪಿನ ಚರ್ಚೆಯೊಳಗೆ ಒಬ್ಬ ನಟನನ್ನ ಯಾರಿಗೂ ಹೇಳದೆ ಸೇರಿಸಿದ್ರು, ಅವನು ಲವಲವಿಕೆಯಿಂದ ಇದ್ದ ಗುಂಪಲ್ಲಿ ಸಹಕಾರ ಹೆಚ್ಚಿತ್ತು, ಜಗಳ ಕಮ್ಮಿ ಇತ್ತು. ಒಬ್ಬ ಸದಸ್ಯನಿಂದಲೇ ಇಷ್ಟಾದ್ರೆ ಲೀಡ್ ಆದವರ ಮುಖಾನ ಎಲ್ಲರೂ ನೋಡ್ತಿರ್ತಾರೆ.

ಆದ್ರೆ ನೀವು ಜೋಕ್ ಹೊಡೀಬೇಕು, ಪಾರ್ಟಿ ಮಾಡಿಸ್ಬೇಕು ಅಂತ ಅಲ್ಲ. ಟೀಮಿನವರ ಕೆಲಸಕ್ಕೆ ಎಲ್ಲಿ ತಡೆ ಬಿದ್ದಿದೆ ಅಂತ ದಿನಾ ಕೇಳಿ, ಆ ತಡೆ ತೆಗೀರಿ. ಒಂದು ಅನುಮತಿ ಕಾಗದಕ್ಕೆ ಸಹಿ ಬೇಗ ಹಾಕಿಸ್ಕೊಡೋದು, ಮಧ್ಯದಲ್ಲಿ ಗುರಿ ಬದಲಾಯಿಸದೇ ಇರೋದು, ಮಾಡಿದ ಕೆಲಸಾನ ಕಾರಣ ಹೇಳದೆ ಕಸದ ಬುಟ್ಟಿಗೆ ಹಾಕದೇ ಇರೋದು. ಹಿಂದಕ್ಕೆ ಬೀಳೋ ನೋವು ಜೋರು ಅಂತ ಮೇಲೆ ಹೇಳಿದ್ನಲ್ಲ, ಆ ನೋವನ್ನ ಕಮ್ಮಿ ಮಾಡೋ ಅಧಿಕಾರ ನಿಮ್ಮ ಹತ್ರ ಇದೆ.

ಪ್ರಶ್ನೆ: ವಾರಗಟ್ಟಲೆ ಬೇಜಾರೇ ಇದೆ, ಇದ್ಯಾವುದೂ ಕೆಲಸ ಮಾಡ್ತಿಲ್ಲ. ಏನ್ ಮಾಡ್ಲಿ?

ಎರಡು ವಾರ ಅಥವಾ ಹೆಚ್ಚು, ದಿನದ ಬಹುಪಾಲು ಮನಸ್ಸು ಕುಗ್ಗಿರೋದು, ಮೊದಲು ಇಷ್ಟ ಆಗ್ತಿದ್ದುದರಲ್ಲಿ ರುಚಿ ಇಲ್ಲದಿರೋದು, ಜೊತೆಗೆ ನಿದ್ದೆ ಹಸಿವು ಏರುಪೇರು, ಯೋಚನೆ ನಿಧಾನ, ಏನನ್ನೂ ತೀರ್ಮಾನ ಮಾಡೋಕೆ ಆಗದಿರೋದು, ಹೀಗಿದ್ರೆ ಅದು ಮೂಡ್ ವಿಷಯ ಅಲ್ಲ, ಖಿನ್ನತೆ ಅನ್ನೋ ಕಾಯಿಲೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 28 ಕೋಟಿ ಜನಕ್ಕೆ ಇದಿತ್ತು, ಇದಕ್ಕೆ ಚಿಕಿತ್ಸೆನೂ ಇದೆ. ಮೇಲಿನ ಯಾವ ಟಿಪ್ಸೂ ಇದಕ್ಕೆ ಬದಲಿ ಅಲ್ಲ, "ಪಾಸಿಟಿವ್ ಆಗಿರು" ಅಂತ ಯಾರಾದ್ರೂ ಹೇಳಿದ್ರೆ ಅದನ್ನ ಮನಸ್ಸಿಗೆ ಹಚ್ಕೋಬೇಡಿ. ಡಾಕ್ಟರ್ ಹತ್ರ ಹೋಗಿ, ಯಾವಾಗಿಂದ ಹೀಗಿದೆ, ನಿದ್ದೆ ಎಷ್ಟು, ಯಾವ ಕೆಲಸ ಮಾಡೋಕೆ ಆಗ್ತಿಲ್ಲ ಅನ್ನೋದನ್ನ ಒಂದು ಚೀಟೀಲಿ ಬರ್ಕೊಂಡು ಹೋಗಿ, ಅಲ್ಲಿ ಕೂತಾಗ ಮಾತು ಹೊರಡದೇ ಇರಬಹುದು. ಸಾಯೋ ಯೋಚನೆ ಬರ್ತಿದ್ರೆ ಕಾಯ್ಬೇಡಿ, ಇವತ್ತೇ ಹತ್ತಿರದವರಿಗೆ ಹೇಳಿ, ಅವರನ್ನ ಜೊತೇಲಿ ಕರ್ಕೊಂಡೇ ಆಸ್ಪತ್ರೆಗೆ ಹೋಗಿ.